ಹತ್ತು ಬೆರಳಿನ ತಕರಾರು

ಮನೆಯಲ್ಲಿ ಜೆಲ್ ನೇಲ್ ಪಾಲಿಶ್ ಹಚ್ಚಿಕೊಳ್ಳಬೇಡಿ. ಹಚ್ಚಿಕೊಳ್ಳಲೇಬೇಕೆಂದಿದ್ದರೆ ಪಾರ್ಲರಿಗೆ ಹೋಗಿ, ಹೋದರೂ ಕಣ್ಣು ಬಿಟ್ಟುಕೊಂಡು ಕೂತಿರಿ. ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿರುವವಳಿಗೆ ಉಗುರಿನ ಉಸಾಬರಿ ಯಾಕೆ ಎಂದು ಮೂಗು ಮುರಿಯುವವರಿಗೆ ಆಮೇಲೆ ಉತ್ತರ ಕೊಡುತ್ತೇನೆ. ಅವರ ಮೇಲೂ ನನಗೆ ಸಿಟ್ಟಿದೆ.

ನನ್ನೂರು ಸಿರುಗುಪ್ಪ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಚಿಕ್ಕಮ್ಮನ ಮಗಳ ಮದುವೆಗೆಂದು ಬಳ್ಳಾರಿಯ ಪಾರ್ಲರೊಂದರಲ್ಲಿ ಮೊದಲ ಸಲ ಜೆಲ್ ಹಚ್ಚಿಸಿಕೊಂಡೆ. ಕೊಟ್ಟಿದ್ದು 900 ರೂಪಾಯಿ. ಹೋಗಿಬರುವ ಬಸ್ ಪ್ರಯಾಣ, ಕಾಯುವುದು ಎಲ್ಲ ಸೇರಿ ಒಂದು ದಿನ. ಎರಡು ವಾರ ಪಾತ್ರೆ ತೊಳೆದರೂ ಬಟ್ಟೆ ಒಗೆದರೂ ಬಣ್ಣ ಅಲ್ಲಾಡಲಿಲ್ಲ. ಯಾವ ಕಂಪನಿಯ ಉಗುರುಬಣ್ಣವಾದರೂ ‘ಕುಟಿಕ್ಸ್’ ಎಂದೇ ಕರೆಯುವ ನಮ್ಮವ್ವ ದಿನಾ ಬೆಳಗ್ಗೆ ನನ್ನ ಕೈ ಹಿಡಿದು ನೋಡಿ, ‘ಇನ್ನಾ ಹೋಗಿಲ್ಲಲ್ಲೇ’ ಎಂದು ಆಶ್ಚರ್ಯಪಡುತ್ತಿದ್ದಳು.

ಜೂನ್‌ನಲ್ಲಿ 1,300 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆ. ಅಂಗೈಯಗಲದ ಲ್ಯಾಂಪು, ಆರು ಬಣ್ಣ, ಬೇಸ್ ಕೋಟು, ಟಾಪ್ ಕೋಟು, ಒಂದು ಅರ. ಎರಡು ಸಲ ಹಚ್ಚಿಕೊಂಡರೆ ದುಡ್ಡು ಹುಟ್ಟಿತು ಎಂಬ ಲೆಕ್ಕ. ಮನೆಯ ಪರವಾಗಿ ಹೇಳಬೇಕಾದ ಮಾತುಗಳು ಸುಳ್ಳೇನಲ್ಲ. ಖರ್ಚು ಕಡಿಮೆ. ಊರವರ ಕಣ್ಣಿಗೆ ಬೀಳದೆ ಭಾನುವಾರ ರಾತ್ರಿ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳಬಹುದು. ಇನ್ನೊಬ್ಬರ ಉಗುರಿನ ಸೋಂಕು ಹೊತ್ತ ಅರ ನಿಮ್ಮ ಬೆರಳಿಗೆ ತಾಗುವುದಿಲ್ಲ. ಫೆಲೋಶಿಪ್ ಹಣ ಯಾವಾಗ ಬರುತ್ತದೋ ಎಂದು ಕಾಯುವವಳಿಗೆ ಇದೆಲ್ಲ ಸಣ್ಣ ಅನುಕೂಲವಲ್ಲ.

ಮೂರನೇ ಸಲ ಹಚ್ಚಿಕೊಂಡಾಗ ಉಗುರಿನ ಬುಡದಲ್ಲಿ ತುರಿಕೆ ಶುರುವಾಯಿತು. ನಾಲ್ಕನೇ ಸಲಕ್ಕೆ ಬೆರಳ ತುದಿಗಳು ಏಪ್ರಿಲ್ ತಿಂಗಳ ಎರೆಹೊಲದ ಹಾಗೆ ಬಿರುಕುಬಿಟ್ಟವು. ಅವ್ವ ಅದನ್ನು ಉಗುರುಸುತ್ತು ಅಂದುಕೊಂಡು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದಳು. ಬಿರಿದ ಚರ್ಮಕ್ಕೆ ನಿಂಬೆರಸ. ನಾನು ಕೂಗಿದ ಕೂಗು ತುಂಗಭದ್ರೆಯ ಆಚೆ ದಡಕ್ಕೂ ಕೇಳಿರಬೇಕು.

ಚರ್ಮದ ವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ ಹೇಳಿದರು: ಅಕ್ರಿಲೇಟ್ ಅಲರ್ಜಿ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ಹಲ್ಲಿಗೆ ಸಿಮೆಂಟು ತುಂಬಿಸುವಾಗ, ಮುಂದೆಂದಾದರೂ ಮೊಣಕಾಲಿನ ಕೀಲು ಬದಲಿಸುವಾಗ ವೈದ್ಯರಿಗೆ ಮೊದಲೇ ಹೇಳಬೇಕು, ಅಲ್ಲಿ ಬಳಸುವುದೂ ಇದೇ ಕುಲದ ವಸ್ತುಗಳನ್ನು. ಮೊಣಕಾಲಿನ ಮಾತಿಗೆ ನಗು ಬಂತು. ಹಲ್ಲಿನ ಮಾತಿಗೆ ಬರಲಿಲ್ಲ. ನನ್ನ ದವಡೆ ಹಲ್ಲೊಂದು ಆಗಲೇ ಹುಳುಕಾಗಿತ್ತು.

ಆದದ್ದೇನು ಎಂಬುದನ್ನು ನಮ್ಮ ಊರಿನ ಭಾಷೆಯಲ್ಲೇ ಹೇಳಬಹುದು. ಸಾದಾ ಉಗುರುಬಣ್ಣ ಒಣಗುತ್ತದೆ, ಅದರೊಳಗಿನ ದ್ರಾವಕ ಆರಿಹೋಗಿ ಬಣ್ಣ ಉಳಿಯುತ್ತದೆ. ಜೆಲ್ ಒಣಗುವುದಿಲ್ಲ, ಬೇಯುತ್ತದೆ. ಅದರಲ್ಲಿರುವ ಸಣ್ಣ ಸಣ್ಣ ಅಣುಗಳು ಲ್ಯಾಂಪಿನ ನೇರಳಾತೀತ ಬೆಳಕು ಬಿದ್ದಾಗ ಒಂದಕ್ಕೊಂದು ಕೈಹಿಡಿದು ಉದ್ದುದ್ದ ಸರಪಳಿಯಾಗಿ ಗಟ್ಟಿಯಾಗುತ್ತವೆ. ಬೆಂದ ಜೆಲ್ ಹೆಚ್ಚುಕಡಿಮೆ ನಿರಪಾಯಕಾರಿ. ಹಸಿ ಜೆಲ್ ಅಲ್ಲ. ಅರೆಬೆಂದದ್ದು ಇನ್ನೂ ಮೋಸದ್ದು: ಮುಟ್ಟಿದರೆ ಗಟ್ಟಿ, ಒಳಗೆ ಹಸಿ. ಅನ್ನ ಅರೆಬೆಂದಿದ್ದರೆ ಒಂದು ಅಗುಳು ಹಿಚುಕಿದರೆ ಗೊತ್ತಾಗುತ್ತದೆ, ಜೆಲ್ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಹಾಗೆ ಹಿಚುಕಿ ನೋಡಲಾಗದು. ಆ ಹಸಿ ಅಣುಗಳು ಚರ್ಮದೊಳಗೆ ನುಸುಳಿದವೆಂದರೆ ದೇಹ ಅವನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಏನೂ ಆಗುವುದಿಲ್ಲ, ಅದಕ್ಕೇ ನಾವು ಧೈರ್ಯವಾಗಿ ಎರಡನೆಯ ಸಲ ಹಚ್ಚಿಕೊಳ್ಳುತ್ತೇವೆ.

ಮನೆಯಲ್ಲಿ ಹಸಿ ಉಳಿಯುವ ದಾರಿಗಳು ಒಂದೆರಡಲ್ಲ. ಒಂದು ಕಂಪನಿಯ ಜೆಲ್ಲಿಗೆ ಇನ್ನೊಂದು ಕಂಪನಿಯ ಲ್ಯಾಂಪು ಸಾಲದೆ ಹೋಗಬಹುದು, ಬೆಳಕಿನ ತರಂಗವೂ ಬಲವೂ ಬೇರೆ. ಬೇಗ ಮುಗಿಯಲಿ ಎಂದು ದಪ್ಪಗೆ ಬಳಿದರೆ ಬೆಳಕು ತಳಕ್ಕೆ ಇಳಿಯುವುದಿಲ್ಲ. ಗಾಢ ಬಣ್ಣಗಳಲ್ಲಂತೂ ಇನ್ನೂ ಕಷ್ಟ, ನನಗೆ ಇಷ್ಟವಾಗಿದ್ದೋ ಕಡುಗೆಂಪು. ಇನ್ನು ಬಲಗೈಗೆ ಎಡಗೈಯಿಂದ ಹಚ್ಚುವ ಸಂಭ್ರಮವಂತೂ ಹೇಳಬೇಕಿಲ್ಲ. ಅರ್ಧ ಉಗುರಿಗೆ, ಇನ್ನರ್ಧ ಸುತ್ತಲಿನ ಚರ್ಮಕ್ಕೆ. ತೆಗೆಯುವಾಗಲಾದರೂ ಬುದ್ಧಿ ಇರಬೇಕಲ್ಲ? ಅಸಿಟೋನಿನಲ್ಲಿ ಅದ್ದಿದ ಹತ್ತಿ ಸುತ್ತಿ ಹತ್ತು ಹದಿನೈದು ನಿಮಿಷ ಕೂರುವ ಬದಲು, ಥೀಸಿಸ್ ಅಧ್ಯಾಯ ಓದುತ್ತಾ ಓದುತ್ತಾ ಹಲ್ಲಿನಿಂದ ಕಚ್ಚಿ ಸುಲಿದೆ. ಜೆಲ್ಲಿನ ಜೊತೆಗೆ ಉಗುರಿನ ಪದರವೂ ಎದ್ದುಬಂತು. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಮೂರು ಮಿಲಿಮೀಟರು. ಹಾಳು ಮಾಡಿದ್ದು ಒಂದು ಸಂಜೆ, ಸರಿಹೋಗಲು ಹಿಡಿದದ್ದು ಆರು ತಿಂಗಳು.

ಇದು ನನ್ನೊಬ್ಬಳ ಮೊಂಡುವಾದವಲ್ಲ. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಮನೆಯ ಕಿಟ್‌ಗಳ ಬಗ್ಗೆ ಎಚ್ಚರಿಸಿತ್ತು. ಈ ಅಲರ್ಜಿಗಳ ಮುಖ್ಯ ಆರೋಪಿಗಳಲ್ಲಿ ಒಂದಾದ ಹೆಮಾ ಎಂಬ ರಾಸಾಯನಿಕವಿರುವ ಉಗುರಿನ ಸಾಮಾನುಗಳನ್ನು ಐರೋಪ್ಯ ಒಕ್ಕೂಟ 2020ರ ನಿಯಮದಲ್ಲಿ ವೃತ್ತಿಪರರ ಬಳಕೆಗೆ ಮಾತ್ರ ಎಂದು ಮಿತಿಗೊಳಿಸಿ, ಅಲರ್ಜಿಯಾಗಬಹುದು ಎಂದು ಬಾಟಲಿಯ ಮೇಲೆ ಬರೆಯಬೇಕೆಂದಿತು. ಜೆಲ್ ಬೇಯಲು ನೆರವಾಗುವ ಟಿಪಿಒ ಎಂಬ ಇನ್ನೊಂದನ್ನು, ಸಂತಾನಶಕ್ತಿಗೆ ಹಾನಿಯಾಗಬಹುದೆಂಬ ಕಾರಣಕ್ಕೆ, 2025ರ ಸೆಪ್ಟೆಂಬರ್ 1ರಿಂದ ಪೂರ್ತಿ ನಿಷೇಧಿಸಿತು. ನನ್ನ ಕಿಟ್ಟಿನ ಬಾಟಲಿಯ ಮೇಲೂ ‘ವೃತ್ತಿಪರರಿಗೆ ಮಾತ್ರ’ ಎಂದಿತ್ತು, ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ವೃತ್ತಿಪರರಿಗೆ ಮಾತ್ರವಾದದ್ದನ್ನು ನನ್ನ ಮನೆ ಬಾಗಿಲಿಗೆ ಯಾಕೆ ತಂದುಕೊಟ್ಟರು ಎಂದು ಕೇಳುವವರಿಲ್ಲ.

ಲ್ಯಾಂಪಿನ ಬೆಳಕಿನ ಬಗ್ಗೆಯೂ ಒಂದು ಮಾತು, ಹೆದರಿಸುವವರು ಮೊದಲು ಹಿಡಿದುಕೊಳ್ಳುವುದು ಅದನ್ನೇ. 2023ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಪ್ಪತ್ತು ನಿಮಿಷ ಈ ಬೆಳಕಿಗೆ ಒಡ್ಡಿದ ಜೀವಕೋಶಗಳಲ್ಲಿ ಶೇ. 20ರಿಂದ 30 ಸತ್ತವು, ಉಳಿದವುಗಳ ಡಿಎನ್‌ಎಗೂ ಪೆಟ್ಟಾಯಿತು. ಆದರೆ ಅವು ಪ್ರಯೋಗಾಲಯದ ತಟ್ಟೆಯಲ್ಲಿದ್ದ ಕೋಶಗಳು, ಮೇಲೆ ಸತ್ತ ಚರ್ಮದ ಹೊದಿಕೆ ಇಲ್ಲದವು. ಅದರಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಆ ಸಂಶೋಧಕರೂ ಹೇಳಿಲ್ಲ. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಕೈಚೀಲ ಹಾಕಿಕೊಳ್ಳಿ. ನನ್ನ ಭಯ ಬೆಳಕಿನದ್ದಲ್ಲ, ಅಂಟಿನದ್ದು.

ಹಾಗಾದರೆ ಪಾರ್ಲರು ಸ್ವರ್ಗವೇ? ಕೈ ಪಳಗಿದವರಾದರೆ ಚರ್ಮಕ್ಕೆ ಹನಿ ತಾಗಿಸದೆ ತೆಳ್ಳಗೆ ಹಚ್ಚುತ್ತಾರೆ, ಲ್ಯಾಂಪೂ ಜೆಲ್ಲೂ ಹೊಂದುವಂಥವೇ ಇರುತ್ತವೆ, ತೆಗೆಯುವಾಗ ಸುಲಿಯುವುದಿಲ್ಲ. ನಿಮ್ಮ ಬೆರಳಿನ ಮಟ್ಟಿಗೆ ಇದು ದೊಡ್ಡ ಲಾಭ. ಆದರೆ ನೀವು ತಿಂಗಳಿಗೊಮ್ಮೆ ಮುಟ್ಟುವ ಹಸಿ ಜೆಲ್ಲನ್ನು ಅವಳು ದಿನಕ್ಕೆ ಆರು ಸಲ ಮುಟ್ಟುತ್ತಾಳೆ. ನಮ್ಮ ಓಣಿಯ ಹಿಂದೆ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುವ ಹುಡುಗಿ ಇದ್ದಾಳೆ. ನನಗಿಂತ ಆರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಹುಬ್ಬು ತೆಗೆಯುವುದು, ವಧುವಿನ ಅಲಂಕಾರ ಎಲ್ಲ ಕಲಿತ ಮೇಲೆ ಹದಿನೈದು ದಿನದ ತರಬೇತಿಯಲ್ಲಿ ಜೆಲ್ಲನ್ನೂ ಕಲಿತಳು. ಬಾಟಲಿ ಹೇಳುವ ‘ವೃತ್ತಿಪರ’ ಎಂದರೆ ಇವಳೇ. ಹೊರಗಿನವರು ನೋಡಬಾರದೆಂದು ಕಿಟಕಿಗೆ ಪರದೆ, ಧೂಳು ಬರಬಾರದೆಂದು ಬಾಗಿಲು ಮುಂದೆ. ಅರೆದ ಉಗುರಿನ ಪುಡಿ, ಅಸಿಟೋನಿನ ಘಾಟು ಎಲ್ಲ ಅವಳ ಪುಪ್ಪುಸಕ್ಕೇ. ಕೈಚೀಲ ಹಾಕಿಕೊಳ್ಳೇ ಅಂದರೆ, ‘ಹಾಕ್ಕೊಂಡ್ರ ಗಿರಾಕಿ ಬೇಜಾರ ಆಗ್ತಾರಕ್ಕ, ನಮಗೇನು ರೋಗ ಐತೇನು ಅಂತಾರ’ ಎನ್ನುತ್ತಾಳೆ. ಆ ಕೈಚೀಲವಾದರೂ ಪೂರ್ತಿ ಕಾಯುವಂಥದ್ದಲ್ಲ. ಲೇಟೆಕ್ಸಿನದು ಈ ಅಣುಗಳನ್ನು ತಡೆಯುವುದೇ ಇಲ್ಲ ಎನ್ನಬೇಕು, ನೈಟ್ರೈಲಿನದು ಕೆಲವು ನಿಮಿಷ ತಡೆಯುತ್ತದೆ, ಆಗಾಗ ಬದಲಿಸಬೇಕು.

1975ರಲ್ಲಿ ಕ್ಯಾಲಿಫೋರ್ನಿಯಾದ ನಿರಾಶ್ರಿತರ ಶಿಬಿರದಲ್ಲಿ ಹಾಲಿವುಡ್ ನಟಿ ಟಿಪ್ಪಿ ಹೆಡ್ರೆನ್ ಇಪ್ಪತ್ತು ವಿಯೆಟ್ನಾಂ ಹೆಂಗಸರಿಗೆ ಉಗುರಿನ ಕೆಲಸ ಕಲಿಸಲು ಏರ್ಪಾಟು ಮಾಡಿದಳು. ಅಮೆರಿಕದ ಉಗುರಿನ ಉದ್ಯಮ ದೊಡ್ಡ ಭಾಗ ವಿಯೆಟ್ನಾಮೀಯರ ಕೈಗೆ ಬಂದದ್ದರ ಕತೆ ಅಲ್ಲಿಂದ ಶುರು. ನಲವತ್ತು ವರ್ಷದ ನಂತರ, 2015ರ ಮೇ ತಿಂಗಳಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ ಆ ಊರಿನ ಉಗುರಿನ ಅಂಗಡಿಗಳಲ್ಲಿ ದುಡಿಯುವ ವಲಸೆ ಹೆಂಗಸರ ಕೂಲಿ, ಕೆಮ್ಮು, ಚರ್ಮರೋಗಗಳ ಬಗ್ಗೆ ಬರೆಯಿತು. ಮರುವಾರವೇ ರಾಜ್ಯ ಸರಕಾರ ತುರ್ತು ಕ್ರಮಗಳನ್ನು ಪ್ರಕಟಿಸಬೇಕಾಯಿತು. ನ್ಯೂಯಾರ್ಕಿನಲ್ಲಿ ಪತ್ರಿಕೆ ಬರೆದ ಮೇಲಾದರೂ ಕಣ್ಣು ಬಿಟ್ಟರು. ನಮ್ಮಲ್ಲಿ ಬರೆಯಬೇಕಾದವರಿಗೆ ಇದು ಬರೆಯುವ ವಿಷಯವೇ ಅಲ್ಲ.

ಆ ಮೂಗು ಮುರಿಯುವವರಿಗೀಗ ಉತ್ತರ. ನನ್ನ ಸಂಶೋಧನೆ ಸಿರುಗುಪ್ಪ ಭಾಗದ ನಾಟಿ ಹೆಂಗಸರ ಹಾಡುಗಳ ಬಗ್ಗೆ. ಒಂದು ವಿಚಾರ ಸಂಕಿರಣದ ಚಹಾ ವೇಳೆಯಲ್ಲಿ ಹಿರಿಯರೊಬ್ಬರು ನನ್ನ ಕೆಂಪು ಉಗುರು ನೋಡಿ, ‘ಈ ಕೈಯಲ್ಲಿ ಕೆಸರಿನ ಹಾಡು ಬರೀತೀರೇನಮ್ಮಾ?’ ಎಂದರು. ಸುತ್ತಲಿನವರು ನಕ್ಕರು. ಉಗುರುಬಣ್ಣ ಮಾರುಕಟ್ಟೆಯ ಗುಲಾಮಗಿರಿ, ಗೋರಂಟಿ ನಮ್ಮ ಸಂಸ್ಕೃತಿ ಎಂದು ಇನ್ನೊಬ್ಬರು ಸೇರಿಸಿದರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹೆಂಗಸರ ಉಗುರಿನ ಸಂದಿಗೆ ಇಳಿದ ನೀಲಿ ಯಾವ ಮಾರುಕಟ್ಟೆಯದೆಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಅರೆದ ಗೋರಂಟಿ ಸೊಪ್ಪಿನ ಬಗ್ಗೆ ನನಗೂ ಪ್ರೀತಿಯಿದೆ, ಪಂಚಮಿಗೆ ಈಗಲೂ ಹಚ್ಚಿಕೊಳ್ಳುತ್ತೇನೆ. ಆದರೆ ಬೇಗನೆ ಕಪ್ಪಾಗಲಿ ಎಂದು ಅದೇ ಗೋರಂಟಿಯ ಹೆಸರಿನಲ್ಲಿ ಮಾರುವ ಕೆಲವು ಕೋನ್‌ಗಳಲ್ಲಿ ಪಿಪಿಡಿ ಎಂಬ ಕೂದಲು ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ, ಅದೂ ಕೈ ಸುಡುತ್ತದೆ. ಸಂಸ್ಕೃತಿ ಎಂಬ ಚೀಟಿ ಅಂಟಿಸಿದರೆ ಚರ್ಮ ನಂಬುವುದಿಲ್ಲ.

ಮತ್ತು ಕೆಸರಿನ ಹೆಂಗಸರು ಏನೆಂದರು ಗೊತ್ತೇ? ಆ ಆಗಸ್ಟ್‌ನಲ್ಲಿ, ಕಾಲುವೆಗೆ ನೀರು ಬಿಟ್ಟು ನಾಟಿ ಭರದಿಂದ ಸಾಗಿದ್ದಾಗ, ತೆಕ್ಕಲಕೋಟೆ ಕಡೆಯ ಗದ್ದೆಯೊಂದರ ಬದುವಿನಲ್ಲಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಒಬ್ಬಾಕೆ ನನ್ನ ಕೈ ಎಳೆದುಕೊಂಡಳು.

‘ನೀರಾಗ ಇಟ್ರ ಹೋಗ್ತೈತೇನಮ್ಮ ಈ ಬಣ್ಣ?’

‘ಹೋಗಲ್ಲಕ್ಕ. ಎರಡು ವಾರ ಇರ್ತೈತಿ.’

‘ಹಂಗಾರ ನಮಗೂ ತಂದು ಹಚ್ಚು. ನೆಲ್ಲು ಹಚ್ಚೋ ಕೈಗೆ ಯಾವ ಬಣ್ಣ ನಿಂತೈತಿ ಹೇಳು.’

ಉಳಿದವರೂ ಕೈ ಮುಂದೆ ಚಾಚಿದರು. ನೀರಿನಲ್ಲಿ ನೆನೆನೆನೆದು ಬಿಳುಚಿದ ಬೆರಳು, ಬುಡ ಊದಿ ಕಪ್ಪಾದ ಉಗುರು. ಮುಂದಿನ ಸೋಮವಾರ ಲ್ಯಾಂಪು ತರುತ್ತೇನೆ ಎಂದು ಮಾತು ಕೊಟ್ಟೆ. ಪವರ್ ಬ್ಯಾಂಕೂ ಚಾರ್ಜ್ ಮಾಡಿಟ್ಟೆ. ಆ ಭಾನುವಾರ ರಾತ್ರಿಯೇ ನನ್ನ ಬೆರಳು ಒಡೆದದ್ದು, ಅದಕ್ಕೇ ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗಲೂ ಒಮ್ಮೊಮ್ಮೆ ರಾತ್ರಿ ಲೆಕ್ಕ ಹಾಕುತ್ತೇನೆ. ಆಗಲೇ ಬಿರಿದಿದ್ದ ಚರ್ಮ, ಅರೆಬೆಂದ ಜೆಲ್, ಮರುದಿನ ಬೆಳಗಿನಿಂದ ಸಂಜೆವರೆಗೆ ಮತ್ತೆ ಕೆಸರು. ನನಗೆ ಬೆರಳು ಒಡೆದರೆ ಟೈಪ್ ಮಾಡುವುದು ನಿಲ್ಲುತ್ತದೆ, ಗೈಡ್ ಹತ್ತಿರ ಎರಡು ತಿಂಗಳ ಅವಧಿ ಕೇಳಬಹುದು. ಅವರಿಗೆ ನಾಟಿಯ ಇಪ್ಪತ್ತು ದಿನ ಕೈ ಕೆಟ್ಟರೆ ಆ ಹಂಗಾಮಿನ ಕೂಲಿಯೇ ಇಲ್ಲ.

ಆದ್ದರಿಂದ ಅವರು ಬಣ್ಣ ಬಯಸಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಚಹಾ ಹಿಡಿದು ನಕ್ಕವರ ಸಾಲಿನಲ್ಲಿ ನಾನೂ ನಿಂತಂತೆ. ಆಕೆ ಕೇಳಿದ್ದು ನ್ಯಾಯವಾದದ್ದೇ, ತಪ್ಪಿದ್ದು ನಾನು ಕೊಡಲು ಹೊರಟದ್ದರಲ್ಲಿ. ಮನೆಗೆ ಮಾರುವ ಕಿಟ್ಟಿನಲ್ಲಿ ಹೆಮಾ ಇರಕೂಡದು. ಲ್ಯಾಂಪು ಯಾವ ಜೆಲ್ಲಿಗೆ ಹೊಂದುತ್ತದೆಂದು ಡಬ್ಬಿಯ ಮೇಲೇ ಇರಬೇಕು. ಎಚ್ಚರಿಕೆ ಕನ್ನಡದಲ್ಲಿರಬೇಕು, ಓದಬಹುದಾದಷ್ಟು ದೊಡ್ಡದಾಗಿ. ರಸಗೊಬ್ಬರದ ಚೀಲದ ಮೇಲೆ ಕನ್ನಡ ಅಚ್ಚು ಹಾಕಲು ಬರುವವರಿಗೆ ಉಗುರುಬಣ್ಣದ ಡಬ್ಬಿಯ ಮೇಲೆ ಬಾರದೇನು? ಇನ್ನು ಪಾರ್ಲರಿಗೆ ಹೋಗುವವರು, ಅವಳು ಕೈಚೀಲ ಹಾಕಿಕೊಂಡರೆ ಮುಖ ಸಿಂಡರಿಸಬೇಡಿ. ಕಿಟಕಿ ತೆಗೆಯಿರಿ ಎಂದು ನೀವೇ ಹೇಳಿ. ನೈಟ್ರೈಲ್ ಕೈಚೀಲಕ್ಕೆ ಅಂತ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದರೆ ಚೌಕಾಸಿ ಮಾಡಬೇಡಿ.

ಹೋದ ತಿಂಗಳು ಓಣಿಯ ಆ ಹುಡುಗಿ, ‘ನಿನ್ನ ಲೈಟು ಸುಮ್ನ ಬಿದ್ದೈತಲ್ಲಕ್ಕ, ನನಗ ಕೊಡು, ಐನೂರು ಕೊಡ್ತೀನಿ’ ಎಂದಳು. ಕೊಡಲಿಲ್ಲ. ಮೊನ್ನೆ ವಾಟ್ಸ್ಯಾಪಿನಲ್ಲಿ ಒಂದು ಫೋಟೊ ಕಳಿಸಿದಳು: ಹೆಬ್ಬೆರಳು ಮತ್ತು ತೋರುಬೆರಳ ತುದಿ, ಕೆಂಪಗೆ, ಸಿಪ್ಪೆ ಎದ್ದಿದ್ದು. ‘ಇದು ನಿನಗ ಆಗಿದ್ದಾ ಅಕ್ಕ?’

ಭಾನುವಾರ ಅವಳನ್ನು ಬಳ್ಳಾರಿಗೆ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅಷ್ಟರೊಳಗೆ ಅವಳ ಬಾಟಲಿಗಳ ಮೇಲಿನ ಇಂಗ್ಲಿಷನ್ನು ಒಂದು ಹಾಳೆಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲು ಕೂತಿದ್ದೇನೆ. ಆರು ವರ್ಷದಿಂದ ಕನ್ನಡದಲ್ಲೇ ಸಂಶೋಧನೆ ಮಾಡುತ್ತಿದ್ದರೂ ಮಾನೊಮರ್ ಎನ್ನುವುದಕ್ಕೆ ಅವಳಿಗೆ ಅರ್ಥವಾಗುವ ಪದ ಹೊಳೆಯಲಿಲ್ಲ. ಸದ್ಯಕ್ಕೆ ‘ಹಸಿ ಅಂಟು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ.