ಅಂಕ ಕೊಡುವವರ ಕಿವಿಗೆ ಬೀಳದ ದನಿ

ದಕ್ಷಿಣ ಕೊರಿಯಾದ ಟಿ.ವಿ. ವಾಹಿನಿಗಳ ವಾರದ ಸಂಗೀತ ಕಾರ್ಯಕ್ರಮಗಳಲ್ಲಿ ಗೆದ್ದ ತಂಡ ಕೊನೆಗೆ ತನ್ನ ಹಾಡನ್ನು ಇನ್ನೊಮ್ಮೆ ಹಾಡುತ್ತದೆ. ಒಂದು ಕೈಯಲ್ಲಿ ಟ್ರೋಫಿ, ಇನ್ನೊಂದರಲ್ಲಿ ಮೈಕು. ಕುಣಿತ ಇರುವುದಿಲ್ಲ, ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯ ಆಸರೆಯೂ ಅಷ್ಟಾಗಿ ಸಿಗುವುದಿಲ್ಲ. ‘ಎನ್‌ಕೋರ್’ ಎನ್ನುವ ಈ ತುಣುಕುಗಳೇ ಕೆ-ಪಾಪ್ ಅಭಿಮಾನಿಗಳ ಪಾಲಿಗೆ ವಾರ್ಷಿಕ ಪರೀಕ್ಷೆ. ಯಾರು ಶ್ರುತಿ ಬಿಟ್ಟರು, ಯಾರಿಗೆ ಉಸಿರು ಸಾಲದಾಯಿತು, ಮೇಲಿನ ಸ್ವರ ಬಂದಾಗ ಯಾರು ಜಾಣತನದಿಂದ ಮೈಕನ್ನು ಪ್ರೇಕ್ಷಕರತ್ತ ತಿರುಗಿಸಿದರು ಎಂದು ಸೆಕೆಂಡಿನ ಲೆಕ್ಕದಲ್ಲಿ ತಪಾಸಣೆ ನಡೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಹಾಡಿದ ಲೆ ಸೆರಾಫಿಮ್ ತಂಡದ ಹುಡುಗಿಯರನ್ನು ಈ ತಪಾಸಕರು ಹುರಿದು ಮುಕ್ಕಿದರು.

ದುಡ್ಡು ಕೊಟ್ಟು ಕೇಳುವವರು ಕೇಳಲಿ, ತಪ್ಪಿಲ್ಲ. ನನ್ನ ತಕರಾರು ಅಳತೆಗೋಲಿನ ಬಗ್ಗೆ. ತಂಡದಿಂದ ಒಬ್ಬೊಬ್ಬರನ್ನೇ ಬಿಡಿಸಿ ನಿಲ್ಲಿಸಿ, ತಾರಸ್ಥಾಯಿಯಲ್ಲಿ ಎಷ್ಟು ಮೇಲೇರುತ್ತಾರೆ ಎಂದು ನೋಡುವುದು ಒಂಟಿ ಗಾಯನಕ್ಕೆ ಹೊಂದುವ ಅಳತೆ. ನಮ್ಮ ಕಿವಿಗೂ ಅದೇ ರೂಢಿ. ಒಬ್ಬರ ಶಾರೀರ, ಹಿಂದೊಂದು ತಂಬೂರಿ. ಮೂವರು ಏಕಕಾಲಕ್ಕೆ ಮೂರು ಬೇರೆ ಸ್ವರ ಹಿಡಿದು ಹದವಾಗಿ ಬೆರೆಯುವ ಹಾರ್ಮನಿ ನಮ್ಮ ಪದ್ಧತಿಯದ್ದಲ್ಲ. ತಂಡದ ಗಾಯಕರ ಬಲಾಬಲ ತಿಳಿಯಬೇಕಿದ್ದರೆ ಯಾವ ಸಾಲು ಯಾರ ಪಾಲಿಗೆ ಬಂತು, ಏಕೆ ಬಂತು ಎಂದು ಕೇಳಬೇಕು.

ಇದಕ್ಕೆ ಬ್ರಿಟನ್ನಿನ ನಾಲ್ವರ ತಂಡ ಬೀಟಲ್ಸ್‌ಗಿಂತ ಒಳ್ಳೆಯ ಪಾಠವಿಲ್ಲ. 1964ರ ‘ಎ ಹಾರ್ಡ್ ಡೇಸ್ ನೈಟ್’ ಹಾಡಿನ ಚರಣಗಳನ್ನು ಹಾಡಿದ್ದು ಜಾನ್ ಲೆನನ್. ನಡುವಿನ ಏರುಭಾಗ ಬಂದ ಕೂಡಲೇ ದನಿ ಬದಲಾಗುತ್ತದೆ, ಪಾಲ್ ಮೆಕಾರ್ಟ್ನಿ ಎತ್ತಿಕೊಳ್ಳುತ್ತಾರೆ. ಆ ಸ್ವರಗಳು ತನಗೆ ಎಟುಕಲಿಲ್ಲ ಎಂದು ಲೆನನ್ ಮುಂದೆ ತಾವೇ ಹೇಳಿಕೊಂಡರು. ಅಂಕಪಟ್ಟಿಯಲ್ಲಿ ಇದು ಲೆನನ್‌ಗೆ ಮೈನಸ್. ಹಾಡಿಗೆ ಮಾತ್ರ ಅದರಿಂದಲೇ ಕಳೆ: ದಣಿದ, ಒರಟು ದನಿಯಿಂದ ತಿಳಿಯಾದ ದನಿಗೆ ದಾಟುವ ಆ ಗಳಿಗೆಯೇ ಅದರ ಸೊಗಸು.

ಅದೇ ಲೆನನ್ 1963ರ ಫೆಬ್ರುವರಿ 11ರಂದು ಏನು ಮಾಡಿದರು ನೋಡಿ. ಮೊದಲ ಆಲ್ಬಂನ ಬಹುಪಾಲು ಹಾಡುಗಳು ಆ ಒಂದೇ ದಿನ ರೆಕಾರ್ಡ್ ಆದವು. ಲೆನನ್‌ಗೆ ನೆಗಡಿ. ಗಂಟಲು ಹರಿಯುವ ಹಾಡೆಂದು ಗೊತ್ತಿದ್ದ ನಿರ್ಮಾಪಕ ಜಾರ್ಜ್ ಮಾರ್ಟಿನ್ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ಕೊನೆಗೆ ಉಳಿಸಿಕೊಂಡಿದ್ದರು. ಮೊದಲ ಟೇಕೇ ಓಕೆ ಆಯಿತು, ಎರಡನೆಯದಕ್ಕೆ ದನಿಯೇ ಉಳಿದಿರಲಿಲ್ಲ. ಸಂಗೀತದ ಮೇಷ್ಟ್ರು ಕಿವಿ ಮುಚ್ಚಿಕೊಳ್ಳುವಂಥ ಆ ಹರಿದ ಕಂಠವೇ ರಾಕ್ ಸಂಗೀತದ ಮಹತ್ತರ ಗಾಯನಗಳಲ್ಲಿ ಒಂದು ಎನ್ನುವುದು ಈಗ ಹೆಚ್ಚುಕಡಿಮೆ ಎಲ್ಲರೂ ಒಪ್ಪುವ ಮಾತು. ಮೆಕಾರ್ಟ್ನಿಗೆ ಆ ಒರಟುತನ ಸುಲಭಕ್ಕೆ ಒಲಿಯಲಿಲ್ಲ. 1969ರಲ್ಲಿ ‘ಓ! ಡಾರ್ಲಿಂಗ್’ಗೆ ದನಿ ಒರಟಾಗಬೇಕೆಂದು ದಿನಾ ಸ್ಟುಡಿಯೊಗೆ ಬೇಗ ಬಂದು ಹಾಡಿ ನೋಡುತ್ತಿದ್ದರು. ಅದು ನಾನು ಹಾಡಬೇಕಿದ್ದ ಹಾಡು ಎಂಬರ್ಥದಲ್ಲಿ ಲೆನನ್ ಆಮೇಲೆ ಚುಚ್ಚಿದ್ದುಂಟು!

ಇನ್ನು ರಿಂಗೊ ಸ್ಟಾರ್. ನಾಲ್ವರಲ್ಲಿ ದನಿಯ ಹರವು ತೀರಾ ಕಡಿಮೆ ಇದ್ದವರು. 1967ರಲ್ಲಿ ಅವರಿಗೆಂದೇ ಲೆನನ್, ಮೆಕಾರ್ಟ್ನಿ ಬರೆದ ‘ವಿತ್ ಎ ಲಿಟ್ಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ನಲ್ಲಿ ರಾಗ ಐದು ಸ್ವರಗಳ ಆಸುಪಾಸಿನಲ್ಲೇ ಓಡಾಡುತ್ತದೆ. ಕಟ್ಟಕಡೆಗೆ ಒಂದೇ ಒಂದು ಏರುಸ್ವರ ಬರುತ್ತದೆ. ಅದಕ್ಕೆ ರಿಂಗೊ ಹಿಂಜರಿದಾಗ ಉಳಿದವರು ಪಕ್ಕದಲ್ಲಿ ನಿಂತು ಹುರಿದುಂಬಿಸಿದರು. ಮರುವರ್ಷ ಇದೇ ಹಾಡನ್ನು ಜೋ ಕಾಕರ್ ಅಬ್ಬರಿಸಿ ಹಾಡಿದರು, ಬ್ರಿಟನ್ ಪಟ್ಟಿಯ ಮೊದಲ ಸ್ಥಾನಕ್ಕೂ ಏರಿಸಿದರು. ಕಂಠದ ಲೆಕ್ಕದಲ್ಲಿ ಕಾಕರ್ ಹತ್ತಿರ ರಿಂಗೊ ಸುಳಿಯಲಾರರು. ಆದರೆ ಸ್ನೇಹಿತರ ನೆರವು ಬೇಡುವ ಸಾಧಾರಣ ಮನುಷ್ಯ ಕಣ್ಣೆದುರು ಬರುವುದು ರಿಂಗೊ ಹಾಡಿದಾಗಲೇ.

ಈಗಿನ ಕೊರಿಯನ್ ತಂಡಗಳಲ್ಲಿ ಪಾಲುಹಂಚಿಕೆ ಬೇರೆ ಬಗೆಯದು. ಬೀಟಲ್ಸ್‌ನಲ್ಲಿ ಹಾಡು ಕಟ್ಟುವವರೂ ಹಾಡುವವರೂ ಬಹುಮಟ್ಟಿಗೆ ಒಂದೇ ಮಂದಿ. ಯಾರ ಗಂಟಲು ಎಲ್ಲಿ ಸೋಲುತ್ತದೆಂಬುದು ಅವರಿಗೆ ಬಾಯಿಪಾಠ. ಕೆ-ಪಾಪ್‌ನಲ್ಲಿ ಬಹಳಷ್ಟು ಹಾಡು ಹೊರಗಿನ ಬರಹಗಾರರಿಂದ ಬರುತ್ತದೆ, ಆಮೇಲೆ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಸದಸ್ಯರಿಗೆ ಹಂಚಿಕೆಯಾಗುತ್ತದೆ. ಅಷ್ಟು ಚಿಕ್ಕ ತುಂಡಿನಲ್ಲಿ ದೌರ್ಬಲ್ಯ ಸ್ಟುಡಿಯೊದಲ್ಲಿ ಅಡಗುತ್ತದೆ, ವೇದಿಕೆಯಲ್ಲಿ ಬಯಲಾಗುತ್ತದೆ. ಮೈಮುರಿಯುವ ಕುಣಿತದ ನಡುವೆ ಉದ್ದದ ಸ್ವರ ಹಿಡಿಯುವುದು ಎಂಥ ಕಂಠಕ್ಕೂ ಕಷ್ಟ, ಏಕೆಂದರೆ ಗಾಳಿಯನ್ನು ನಿಧಾನವಾಗಿ ಬಿಡಬೇಕಾದ ಹೊತ್ತಿನಲ್ಲೇ ದೇಹ ಅದನ್ನು ಗಬಗಬನೆ ಕೇಳುತ್ತಿರುತ್ತದೆ. ಅಲ್ಲಿ ಆದ ತಪ್ಪನ್ನು ಗಾಯಕಿಯ ಖಾತೆಗೆ ಬರೆಯುವ ಮುನ್ನ ನೃತ್ಯ ಸಂಯೋಜಕರನ್ನೂ ಕಂಪನಿಯನ್ನೂ ಕೇಳಬೇಕು. ಹಾಗೆಂದು ಕುಣಿತವೇ ಇಲ್ಲದ ಎನ್‌ಕೋರ್‌ನಲ್ಲೂ ಶ್ರುತಿ ತಪ್ಪಿದರೆ ಈ ನೆಪ ನಡೆಯದು. ಅದು ತಾಲೀಮಿನ ಕೊರತೆ, ಅಷ್ಟೆ.

ಕೊರಿಯಾದ್ದೇ ಆದ ಬಿಟಿಎಸ್ ತಂಡದ ಏಳು ಮಂದಿಯಲ್ಲಿ ಮೂವರು ರ‍್ಯಾಪರ್‌ಗಳು, ನಾಲ್ವರು ಗಾಯಕರು. ಜಿಮಿನ್ ಅವರದ್ದು ಮೇಲೆ ತೇಲುವ ತೆಳುದನಿ, ಜಂಗ್‌ಕುಕ್ ಎಲ್ಲೆಡೆಯೂ ಸ್ಥಿರ. ವಿ ಅವರದ್ದು ಮಂದ್ರದ, ತುಸು ಗೊಗ್ಗರು ಬೆರೆತ ಕಂಠ. ಮೇಲಿನ ಸ್ವರಗಳಲ್ಲಿ ಅವರ ಶ್ರಮ ಕಿವಿಗೆ ಬೀಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿ ‘ಲೇಓವರ್’ ಆಲ್ಬಂ ತಂದಾಗ ಏರುಸ್ವರದ ಪಂಥಕ್ಕೆ ಅವರು ಇಳಿಯಲೇ ಇಲ್ಲ. ಜಾಝ್ ಮತ್ತು ಆರ್ ಅಂಡ್ ಬಿ ಛಾಯೆಯ ನಿಧಾನಗತಿಯ ಹಾಡುಗಳನ್ನು ಆರಿಸಿಕೊಂಡು, ದನಿ ನೆಮ್ಮದಿಯಾಗಿರುವ ಕೆಳಗಿನ, ನಡುವಿನ ಸ್ಥಾಯಿಯಲ್ಲೇ ಹೆಚ್ಚಾಗಿ ಉಳಿದರು. ಅಂಜಿಕೆ ಎಂದವರೂ ಇರಬಹುದು; ನನಗೆ ಅದು ತನ್ನ ಗಂಟಲನ್ನು ಅರಿತವನ ಆಯ್ಕೆಯಾಗಿ ಕಂಡಿತು.