ಜಗಲಿಯ ಶಾಲೆ

ಅಧ್ಯಾಪಕನೊಬ್ಬನು ನಿವೃತ್ತನಾಗುವ ದಿನ ನಡೆಯುವ ಬೀಳ್ಕೊಡುಗೆಯ ಸಮಾರಂಭವನ್ನು ನೀವು ನೋಡಿರಬಹುದು. ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕಾರು ಭಾಷಣ. ಭಾಷಣಕಾರರೆಲ್ಲರೂ ತಪ್ಪದೆ ಹಾರೈಸುವುದು ಒಂದನ್ನೇ: ಇನ್ನು ಮುಂದಿನ ವಿಶ್ರಾಂತ ಜೀವನ ಸುಖಕರವಾಗಿರಲಿ. ನನ್ನ ಬೀಳ್ಕೊಡುಗೆಯಲ್ಲಿ ಐದು ಜನ ಹಾಗೆ ಹಾರೈಸಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಹಿಡಿದು ಹೊಸ್ತಿಲವರೆಗೆ ಬಂದೆ. ಹೋಗಬೇಕಾದ ಸ್ಥಳವಿರಲಿಲ್ಲ.

ವಿಶ್ರಾಂತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ನೌಕರರು 60ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಪಿಂಚಣಿಯು ಸರ್ಕಾರ ದಯೆಯಿಂದ ನೀಡುವ ಕಾಣಿಕೆಯಲ್ಲ, ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿಯೇ ಸಾರಿತು. ಆದ್ದರಿಂದ ನಿವೃತ್ತನಾದವನು ಜಗಲಿಯ ಮೇಲೆ ಕಾಲು ಚಾಚಿ ಕುಳಿತರೆ ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಕಲಿಸುವ ಅಭ್ಯಾಸವು ಕೊನೆಯ ದಿನ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಬರುವ ಬೀಗದ ಕೈಯಂಥದಲ್ಲ. ಅದು ನಮ್ಮ ಜೊತೆಯಲ್ಲಿಯೇ ಮನೆಗೆ ಬರುತ್ತದೆ.

ಇದಕ್ಕೆ ಜಿ. ವೆಂಕಟಸುಬ್ಬಯ್ಯನವರಿಗಿಂತ ದೊಡ್ಡ ನಿದರ್ಶನ ನನಗೆ ತೋರದು. 1913ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಹುಟ್ಟಿದ ಅವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು 1973ರಲ್ಲಿ ನಿವೃತ್ತರಾದರು. ತೀರಿಕೊಂಡದ್ದು 2021ರಲ್ಲಿ, 107ನೆಯ ವಯಸ್ಸಿನಲ್ಲಿ. ತರಗತಿಯಲ್ಲಿ ನಿಂತು ಪಾಠ ಹೇಳಿದ ಕಾಲಕ್ಕಿಂತ ನಿವೃತ್ತಿಯ ಅನಂತರದ ಕಾಲವೇ ದೀರ್ಘವಾಯಿತು. ಆ ಕಾಲದಲ್ಲಿ ಅವರು ಮಾಡಿದ್ದೇನು? ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು. 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣವನ್ನು ಬಹುಕಾಲ ಬರೆದರು. ನಾಡಿನ ಯಾವುದೋ ಮೂಲೆಯ ಓದುಗನು ಒಂದು ಪದದ ಅರ್ಥವನ್ನೋ ಹುಟ್ಟನ್ನೋ ಕೇಳಿ ಕಾಗದ ಬರೆಯುವನು. ಮೇಷ್ಟ್ರು ಉತ್ತರ ಕೊಡುವರು. ಯೋಚಿಸಿ ನೋಡಿದರೆ ಅದೂ ಒಂದು ತರಗತಿಯೇ. ಹಾಜರಿ ಪುಸ್ತಕವಿಲ್ಲದ, ಶುಲ್ಕವಿಲ್ಲದ, ಗೋಡೆಯಿಲ್ಲದ ತರಗತಿ. ಪದ್ಮಶ್ರೀ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 2017ರಲ್ಲಿ, ನೂರು ವರ್ಷ ದಾಟಿದ ಮೇಲೆ.

ಎಚ್. ನರಸಿಂಹಯ್ಯನವರದು ಇನ್ನೊಂದು ಬಗೆಯ ಬಾಳು. ಅವರು ಮದುವೆಯಾಗಲಿಲ್ಲ, ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಅವರ ತ್ಯಾಗಕ್ಕೆ ಕೈಮುಗಿಯುತ್ತೇನೆ. ಆದರೆ ನಮ್ಮಂಥ ಸಂಸಾರಿಗಳಿಗೆ ಆ ಅಳತೆಗೋಲು ಹೊಂದುವುದಿಲ್ಲ. ನಮ್ಮ ಹೊತ್ತಿನ ಮೇಲೆ ಮನೆಯವರ ಹಕ್ಕೂ ಇದೆ. ಇದನ್ನು ನಾನು ಅರಿತದ್ದು ತಡವಾಗಿ.

ನಿವೃತ್ತನಾದ ಕೆಲವೇ ತಿಂಗಳಲ್ಲಿ ನಮ್ಮ ಮನೆಯ ಜಗಲಿ ಶಾಲೆಯಾಯಿತು. ಸಂಜೆಯಾದರೆ ಬೀದಿಯ ಹತ್ತು ಹನ್ನೆರಡು ಮಕ್ಕಳು ಪುಸ್ತಕ ಹಿಡಿದು ಬರುತ್ತಿದ್ದರು. ಬ್ಯಾಂಕಿನ ಚೀಟಿ ತುಂಬಿಸಿಕೊಳ್ಳಲು, ವೃದ್ಧಾಪ್ಯ ವೇತನದ ಅರ್ಜಿ ಬರೆಸಿಕೊಳ್ಳಲು ಹಿರಿಯರೂ ಬರುತ್ತಿದ್ದರು. ಗ್ರಂಥಾಲಯದ ಸಮಿತಿಗೂ ಶಾಲೆಯ ವಾರ್ಷಿಕೋತ್ಸವಕ್ಕೂ ಮೇಷ್ಟ್ರಿಲ್ಲದೆ ಆಗದು ಎಂಬ ಮಾತು ಹುಟ್ಟಿತು. ಆ ಮಾತು ನನಗೆ ಬಹಳ ರುಚಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಒಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಕೇಳಿದಳು: "ಬೀದಿಯ ಮಕ್ಕಳೆಲ್ಲರ ಅಂಕಗಳು ನಿಮಗೆ ಬಾಯಿಪಾಠ. ನಮ್ಮ ಮೊಮ್ಮಗಳಿಗೆ ಒತ್ತಕ್ಷರ ಓದಲು ಬರುವುದಿಲ್ಲ, ಗೊತ್ತೆ?"

ಗೊತ್ತಿರಲಿಲ್ಲ. ನಾಲ್ಕನೆಯ ತರಗತಿಯ ಆ ಮಗು, ಅಜ್ಜನ ಮುಂದೆ ತಪ್ಪು ಓದಿದರೆ ಹೊರಗಿನ ಮಕ್ಕಳು ನಕ್ಕಾರು ಎಂಬ ಅಂಜಿಕೆಯಿಂದ ಜಗಲಿಗೆ ಬರದೆ ಒಳಗೇ ಉಳಿಯುತ್ತಿತ್ತಂತೆ. ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಕಲಿಸಿದವನ ಮನೆಯಲ್ಲಿ! ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಅಷ್ಟೇ ಅಲ್ಲ: ಬಂದವರಿಗೆಲ್ಲ ಕಾಫಿ ಕಾಸಿದವಳು, ಮಕ್ಕಳು ಹೋದ ಮೇಲೆ ಜಗಲಿ ಗುಡಿಸಿದವಳು, ನಾನು ಸಭೆಗಳಲ್ಲಿದ್ದಾಗ ಹಾಸಿಗೆ ಹಿಡಿದಿದ್ದ ನನ್ನ ತಾಯಿಗೆ ಹೊತ್ತು ಹೊತ್ತಿಗೆ ಔಷಧ ಕುಡಿಸಿದವಳು ಆಕೆಯೇ. ಊರಿನವರು ಶಾಲು ಹೊದಿಸಿದ್ದು ಮಾತ್ರ ನನಗೆ.

'ಮನೆ ಗೆದ್ದು ಮಾರು ಗೆಲ್ಲು' ಎಂಬ ಗಾದೆಯನ್ನು ನೀವು ಬಲ್ಲಿರಿ. ಈ ಗಾದೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಮನೆಯನ್ನು ಪೂರ್ತಿಯಾಗಿ ಗೆದ್ದವರು ಯಾರಿದ್ದಾರೆ? ಗೆದ್ದ ಮೇಲೆಯೇ ಹೊರಗೆ ಕಾಲಿಡಬೇಕೆಂದರೆ ಊರಿನ ಕೆಲಸಕ್ಕೆ ಒಬ್ಬರೂ ಸಿಕ್ಕುವುದಿಲ್ಲ. ನನ್ನ ಆಕ್ಷೇಪ ಬೇರೊಂದು ಕಡೆಗಿದೆ. ಒಬ್ಬನು ಊರಿಗೆ ಕೊಡುವ ಹೊತ್ತಿನ ಬೆಲೆಯನ್ನು ಮನೆಯಲ್ಲಿ ಇನ್ನೊಬ್ಬರು, ಅದರಲ್ಲಿಯೂ ಹೆಂಗಸರು, ಬಾಯಿಬಿಡದೆ ತೆರುತ್ತಿದ್ದರೆ ಆ ಸೇವೆಯನ್ನು ಅವನೊಬ್ಬನದೆಂದು ಕರೆಯುವುದು ನ್ಯಾಯವಲ್ಲ. ಸನ್ಮಾನದ ವೇದಿಕೆಗಳಲ್ಲಿ ಈ ಲೆಕ್ಕವನ್ನು ಯಾರೂ ಓದುವುದಿಲ್ಲ. ಮನೆಯವರನ್ನು ಕೇಳಿ, ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡ ಕೆಲಸವೇ ಬಹುಕಾಲ ಬಾಳುತ್ತದೆ ಎಂಬುದು ನನ್ನ ಅನುಭವ.

ಜಗಲಿಯ ಶಾಲೆಯನ್ನು ನಾನು ಮುಚ್ಚಲಿಲ್ಲ. ಎರಡು ಸಮಿತಿಗಳಿಂದ ಬಿಡುಗಡೆ ಪಡೆದೆ. ಮೊದಲ ಅರ್ಧ ಗಂಟೆ ಒಳಮನೆಯಲ್ಲಿ ಮೊಮ್ಮಗಳಿಗೆ ಮಾತ್ರ ಎಂದು ಗೊತ್ತುಮಾಡಿದೆವು. ಎರಡು ತಿಂಗಳಲ್ಲಿ ಅವಳು ತಾನಾಗಿಯೇ ಪುಸ್ತಕ ಹಿಡಿದು ಹೊರಗೆ ಬಂದು ಉಳಿದವರ ಸಾಲಿನಲ್ಲಿ ಕುಳಿತಳು. ಬರುವ ಹಿರಿಯರಲ್ಲಿ ಹೆಂಗಸರೇ ಹೆಚ್ಚಾದುದರಿಂದ ಅರ್ಜಿಗಳ ಕೆಲಸವನ್ನು ಹೆಂಡತಿಯೂ ವಹಿಸಿಕೊಂಡಳು. ಕಾಫಿ ಕಾಸುವುದನ್ನು ನಾನು ಕಲಿತಿದ್ದೇನೆ. ಡಿಕಾಕ್ಷನ್ ಮಾತ್ರ ಇನ್ನೂ ತೆಳ್ಳಗೇ ಇಳಿಯುತ್ತದೆ. ಮೊನ್ನೆ ಕೆಳಗಿನ ಬೀದಿಯ ಅಜ್ಜಿಯೊಬ್ಬರು ಆಧಾರ್ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಕುರ್ಚಿಯಲ್ಲಿದ್ದ ನಾನು ಲೇಖನಿ ಕೈಗೆತ್ತಿಕೊಂಡೆ. ಅಜ್ಜಿ ನನ್ನನ್ನು ಒಮ್ಮೆ ನೋಡಿ, "ಅಮ್ಮಾವ್ರು ಒಳಗಿದಾರಾ ಸ್ವಾಮಿ?" ಎಂದು ಕೇಳುತ್ತ ನೇರವಾಗಿ ಒಳಗೆ ನಡೆದರು.