ರೇಡಿಯೇಟರ್ ಬದಲಿಸಲು ಪೇಟೆಯ ಕೈಯೇ ಬೇಕೆ?

ಟ್ರ್ಯಾಕ್ಟರ್ ಕೆಟ್ಟು ನಿಂತಿದೆ ಅಂತ ಸಾಲದ ಕಂತು ಒಂದು ದಿನವೂ ಕಾಯುವುದಿಲ್ಲ. ಬಡ್ಡಿಗೆ ರಜೆ ಇಲ್ಲ. ಮುಂಗಾರಿನ ಹದ ಬಂದಿದೆ, ನಾಲ್ಕು ದಿನದೊಳಗೆ ಬಿತ್ತನೆ ಮುಗಿಯಬೇಕು ಅನ್ನುವಾಗ ರೇಡಿಯೇಟರ್ ಸೋರಲು ಶುರುವಾದರೆ ನಾವೇನು ಮಾಡುತ್ತೇವೆ? ಪೇಟೆಗೆ ಫೋನ್ ಮಾಡುತ್ತೇವೆ. "ನಾಳೆ ಬರ್ತೀನಿ ಬಿಡಿ ಗೌಡ್ರೆ" ಅನ್ನುತ್ತಾನೆ ಮೆಕ್ಯಾನಿಕ್. ಅವನ ನಾಳೆ ಬರುವುದು ಮೂರು ದಿನಕ್ಕೆ. ಅಷ್ಟರಲ್ಲಿ ನೆಲದ ಹದ ಆರಿಹೋಗಿರುತ್ತದೆ, ಇಲ್ಲಾ ಬಾಡಿಗೆ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿದಿರುತ್ತೇವೆ. ಸ್ವಂತ ಟ್ರ್ಯಾಕ್ಟರಿಗೆ ಕಂತೂ ಕಟ್ಟಬೇಕು, ಪಕ್ಕದವನ ಟ್ರ್ಯಾಕ್ಟರಿಗೆ ಬಾಡಿಗೆಯೂ ಕೊಡಬೇಕು. ಇದೆಂಥ ಬಾಳು ಅಂತ ನೀವೇ ಯೋಚಿಸಿ.

ಮೆಕ್ಯಾನಿಕ್‌ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನೂ ಹಳ್ಳಿಯಿಂದ ಹೋದ ಹುಡುಗನೇ. ಸುಗ್ಗಿಯಲ್ಲಿ ಹತ್ತೂರಿನವರು ಅವನನ್ನು ಎಳೆದಾಡುತ್ತಾರೆ. ನಾನು ಹೇಳುವುದಿಷ್ಟೆ: ಎಂಜಿನ್ ಬಿಚ್ಚುವ ಕೆಲಸ ಬೇರೆ, ರೇಡಿಯೇಟರ್ ಬದಲಿಸುವ ಕೆಲಸ ಬೇರೆ. ಬಾವಿಗಿಳಿದು ಫುಟ್‌ವಾಲ್ವ್ ಕಳಚಿ ಹಾಕುವ ರೈತನಿಗೆ, ಕಲ್ಟಿವೇಟರ್ ಕುಳ ಬದಲಿಸುವ ರೈತನಿಗೆ ಇದು ಅರ್ಧ ದಿನದ ಕೆಲಸ. ಮೇಲೊಂದು ಪೈಪು, ಕೆಳಗೊಂದು ಪೈಪು, ನಾಲ್ಕಾರು ಬೋಲ್ಟು. ಇದರಲ್ಲಿ ಗುಟ್ಟೇನಿದೆ? ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ನೀವು ಮುಟ್ಟಬೇಡಿ, ಮಾರಿದವರಿಂದಲೇ ಮಾಡಿಸಿ. ಆ ಹಕ್ಕಿಗೆ ನೀವು ಮೊದಲೇ ದುಡ್ಡು ಕೊಟ್ಟಿದ್ದೀರಿ.

ಆದರೆ ಹೊಸ ರೇಡಿಯೇಟರಿಗೆ ಜೇಬಿಗೆ ಕೈಹಾಕುವ ಮುಂಚೆ ಕಾಯಿಲೆ ಎಲ್ಲಿದೆ ನೋಡಿ. ಎಂಜಿನ್ ಕಾದ ಮಾತ್ರಕ್ಕೆ ರೇಡಿಯೇಟರ್ ಸತ್ತಿದೆ ಎಂದಲ್ಲ. ಒಕ್ಕಣೆ ಕಾಲದಲ್ಲಿ ಹೊಟ್ಟು ಧೂಳು ಹಾರಿ ಅದರ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟರೆ ಅರ್ಧ ರೋಗ ಹೋಗುತ್ತದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಅರ್ಧ ಅಂಗುಲಕ್ಕಿಂತ ಬಹಳ ಒಳಗೆ ಹೋದರೆ ಅದು ಸಡಿಲ. ಪೈಪಿನ ಕ್ಲಾಂಪ್ ಬಿಗಿ ಇದೆಯೇ, ವಾಟರ್ ಪಂಪಿನ ಕೆಳಗೆ ಹನಿ ಇದೆಯೇ ನೋಡಿ. ಇನ್ನು ಆ ಮುಚ್ಚಳ. ಅದು ಬರೀ ಮುಚ್ಚಳವಲ್ಲ, ಅಡುಗೆಮನೆಯ ಕುಕ್ಕರಿನ ವಿಷಲ್ ಇದ್ದ ಹಾಗೆ. ಒತ್ತಡ ಹಿಡಿದಿಟ್ಟರೆ ನೀರು ತಡವಾಗಿ ಕುದಿಯುತ್ತದೆ. 7 ಪೌಂಡಿನ ಮುಚ್ಚಳ ಸರಿಯಾಗಿದ್ದರೆ 100 ಡಿಗ್ರಿಗೆ ಕುದಿಯುವ ನೀರು 110 ಡಿಗ್ರಿಯವರೆಗೂ ತಡೆಯುತ್ತದೆ. ಅದರ ರಬ್ಬರ್ ಹರಿದರೆ ನೀರೆಲ್ಲ ಉಕ್ಕಿ ಹೊರಗೆ. ಪುಡಿಗಾಸಿನ ಮುಚ್ಚಳದ ತಪ್ಪಿಗೆ ಸಾವಿರಾರು ರೂಪಾಯಿಯ ರೇಡಿಯೇಟರ್ ಕೊಂಡವರು ಊರೂರಲ್ಲೂ ಸಿಗುತ್ತಾರೆ.

ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಮುಚ್ಚಳ ತೆಗೆದು ತಣ್ಣನೆ ಎಂಜಿನ್ ಚಾಲೂ ಮಾಡಿದಾಗ ಗುಳ್ಳೆ ಏಳುತ್ತಲೇ ಇದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ಕಡೆಯ ರೋಗ. ಅಲ್ಲಿ ಕೈ ಇಡಬೇಡಿ, ಬಲ್ಲವನನ್ನೇ ಕರೆಸಿ.

ಜಾಲರಿಯೇ ತೂತಾಗಿದೆ, ಒಳಗೆ ಕಟ್ಟಿಕೊಂಡಿದೆ ಅಂತ ಖಾತ್ರಿಯಾದರೆ ಹಳೆಯದು ಯಾವ ಜಾತಿಯದು ನೋಡಿ. ಹಳೇ ಗಾಡಿಗಳದ್ದು ತಾಮ್ರ ಹಿತ್ತಾಳೆಯದು; ಬೆಸುಗೆ ಹಾಕುವವನ ಹತ್ತಿರ ಒಯ್ದರೆ ಇನ್ನಷ್ಟು ವರ್ಷ ಬರುತ್ತದೆ. ಈಚಿನ ಎಷ್ಟೋ ಗಾಡಿಗಳಲ್ಲಿ ಅಲ್ಯೂಮಿನಿಯಂ ಜಾಲರಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕು. ಟ್ಯಾಂಕು ಸೀಳಿದರೆ ಬೆಸುಗೆ ಹತ್ತುವುದಿಲ್ಲ, ಬದಲಿಸಲೇಬೇಕು.

ಕೊಳ್ಳಲು ಹೋದಾಗ ಬಿಲ್ಲು ಕೇಳಿ. ಇದನ್ನು ಒತ್ತಿ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ರೇಡಿಯೇಟರಿನ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಕಾರಿನ ರೇಡಿಯೇಟರಿಗೆ ಆಗ ನಿಗದಿಯಾದದ್ದು 18. ಅಂಗಡಿಯವನು ತಿಳಿದೋ ತಿಳಿಯದೆಯೋ ಕಾರಿನ ಲೆಕ್ಕ ಹಾಕಿದರೆ ಏನಾಗುತ್ತದೆ? ಮೂಲ ಬೆಲೆ 6000 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇಕಡಾ 5ರಂತೆ 6300 ಆಗಬೇಕು, 18ರಂತೆ 7080 ಆಗುತ್ತದೆ. ನಡುವಿನ 780 ರೂಪಾಯಿ ನಿಮ್ಮದು. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳುತ್ತಾನೆ. ರೈತನಿಗೆ ಆ ದಾರಿಯಿಲ್ಲ, ಕೊಟ್ಟದ್ದು ಹೋದದ್ದೇ. "ಬಿಲ್ಲು ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ" ಅನ್ನುವ ಮಾತಿಗೆ ಮರುಳಾಗಬೇಡಿ. ತಿಂಗಳೊಪ್ಪತ್ತಿನಲ್ಲಿ ಹೊಸದೇ ಸೋರಿದರೆ ಯಾವ ಕಾಗದ ಹಿಡಿದು ಜಗಳಕ್ಕೆ ಹೋಗುತ್ತೀರಿ? ಸಾಗುವಳಿ ಖರ್ಚಿನ ಪುಸ್ತಕದಲ್ಲೂ ಅದನ್ನು ಬರೆದಿಡಿ, ನಿಮ್ಮ ಅರ್ಧ ದಿನದ ಕೂಲಿಯನ್ನೂ ಸೇರಿಸಿ. ಬೆಳೆಯ ಬೆಲೆ ಕೇಳುವಾಗ ಈ ಲೆಕ್ಕ ನಮ್ಮ ಕೈಯಲ್ಲಿರಬೇಕು.

ಸರಿ, ಕೆಲಸಕ್ಕೆ ಬನ್ನಿ. ಗಾಡಿ ಸಮನೆಲದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಪೂರ್ತಿ ತಣ್ಣಗಾಗಬೇಕು. ಬಿಸಿಯಿದ್ದಾಗ ಮುಚ್ಚಳ ತೆಗೆದು ಮುಖ ಎದೆ ಬೇಯಿಸಿಕೊಂಡವರಿದ್ದಾರೆ, ಅವಸರ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಕೆಲವು ಗಾಡಿಗಳಲ್ಲಿ ಬ್ಯಾಟರಿ ರೇಡಿಯೇಟರಿನ ಮುಂದೆಯೇ ಕೂತಿರುತ್ತದೆ, ಅದನ್ನೂ ಎತ್ತಿಡಬೇಕು. ಕೆಳಗೆ ಅಗಲವಾದ ಬಾಂಡಲಿ ಇಟ್ಟು ನೀರು ಇಳಿಸಿ. ಕೂಲೆಂಟ್ ಬೆರೆತ ನೀರಾದರೆ ಅದನ್ನು ಅಂಗಳದಲ್ಲಿ ಹರಿಯಬಿಡಬೇಡಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳನ್ನು ದೂರವಿಡಿ. ಕ್ಯಾನಿಗೆ ತುಂಬಿ ಮುಚ್ಚಿ, ಹೆಸರು ಬರೆದು ಎತ್ತಿಡಿ.

ಮುಂದಿನ ಜಾಲಿ, ಬಾನೆಟ್ ಬಿಚ್ಚಿದ ಮೇಲೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ, ಸೇರಿಸುವಾಗ ಅದೇ ನಿಮ್ಮ ಗುರು. ಗೋಣಿಚೀಲ ಹಾಸಿ ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತ ಹೋಗಿ. ಅಂಟಿಕೊಂಡ ಪೈಪನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ತಿರುಚಿ ಬಿಡಿಸಿ. ಹಳೇ ಪೈಪು ಹೇಗೂ ಬದಲಿಸುವುದಾದರೆ ಉದ್ದಕ್ಕೆ ಕುಯ್ದು ತೆಗೆಯಿರಿ. ಪವರ್ ಸ್ಟೀರಿಂಗಿನ ಆಯಿಲ್ ಕೂಲರ್ ಮುಂದೆ ಇದ್ದರೆ ಅದರ ಪೈಪು ಬಿಚ್ಚದೆ ಕೂಲರನ್ನಷ್ಟೇ ಕಳಚಿ ಬದಿಗೆ ಕಟ್ಟಿ. ಫ್ಯಾನಿನ ಕವರ್, ಮೇಲಿನ ಆಧಾರದ ಕಂಬಿ, ಕೊನೆಗೆ ಬುಡದ ಬೋಲ್ಟುಗಳು. ಬುಡದಲ್ಲಿರುವ ರಬ್ಬರ್ ವಾಷರ್‌ಗಳನ್ನು ಸಣ್ಣದು ಅಂತ ಎಸೆಯಬೇಡಿ. ಕಲ್ಲು ದಾರಿಯ ಅದುರಾಟ ತಡೆಯುವುದು ಅವೇ. ಅವಿಲ್ಲದೆ ಬಿಗಿದ ಹೊಸ ರೇಡಿಯೇಟರ್ ಬಹಳ ದಿನ ಬಾಳುವುದಿಲ್ಲ. ಜಾಲರಿಗೂ ಫ್ಯಾನಿಗೂ ನಡುವೆ ಒಂದು ರಟ್ಟು ಇಳಿಬಿಟ್ಟು, ಇಬ್ಬರು ಸೇರಿ ನೇರಕ್ಕೆ ಎತ್ತಿ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿ ಎತ್ತರ, ದಪ್ಪ, ಪೈಪಿನ ಬಾಯಿ, ಬೋಲ್ಟಿನ ತೂತು ತಾಳೆ ನೋಡಿ. ಇದೇ ವೇಳೆಯಲ್ಲಿ ಎಂಜಿನ್ ಒಳಗಿನ ನೀರಿನ ದಾರಿಯನ್ನೂ ತೊಳೆಯಿರಿ, ಇಲ್ಲಾಂದ್ರೆ ಅಲ್ಲಿರುವ ತುಕ್ಕೆಲ್ಲ ಬಂದು ಹೊಸದರ ಗಂಟಲಿಗೆ ಕೂರುತ್ತದೆ. ಥರ್ಮೋಸ್ಟಾಟ್ ವಾಲ್ವ್ ಅಂತ ಒಂದಿದೆ. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು "ಇದ್ಯಾಕೆ, ಸೆಕೆ ದೇಶ" ಅಂತ ಕಿತ್ತು ಬಿಸಾಕುತ್ತಾರೆ. ಇದು ತಪ್ಪು. ಎಂಜಿನ್ ಹದವಾಗಿ ಬಿಸಿಯಾಗದೆ ಓಡಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಲೈನರ್ ಸವೆಯುತ್ತದೆ. ಅದನ್ನು ತೆಗೆದು ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿ. ನೀರು ಕುದಿಯುವ ಮುನ್ನವೇ, ಸುಮಾರು 80 ಡಿಗ್ರಿ ದಾಟಿದ ಮೇಲೆ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ.

ಇನ್ನು ನೀರಿನ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸಾವಿರ ಅಡಿ ಕೆಳಗಿಂದ ಬಂದ ಬೋರಿನ ಗಡಸು ನೀರು ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ದಿನಾ ನೋಡುತ್ತೀರಲ್ಲ, ರೇಡಿಯೇಟರಿನ ಕಿರಿದಾದ ನಾಳಗಳಲ್ಲೂ ಅದೇ ಕಟ್ಟುತ್ತದೆ. ಚಾವಣಿಯಿಂದ ಹಿಡಿದ ಶುದ್ಧ ಮಳೆನೀರು ಅದಕ್ಕಿಂತ ಎಷ್ಟೋ ಮೇಲು. ಎಲ್ಲಕ್ಕಿಂತ ಒಳ್ಳೆಯದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಕೂಲೆಂಟ್. ಕೂಲೆಂಟ್ ಡಬ್ಬದ ಮೇಲಿನ ಬರಹ ಓದಿಸಿ. ಕೆಲವಕ್ಕೆ ನೀರು ಬೆರೆಸಬೇಕು, ಕೆಲವಕ್ಕೆ ಮೊದಲೇ ಬೆರೆಸಿರುತ್ತದೆ.

ನಿಧಾನಕ್ಕೆ ತುಂಬಿ. ಮುಚ್ಚಳ ಹಾಕದೆ ಎಂಜಿನ್ ಮೆಲ್ಲಗೆ ಓಡಲಿ. ಮೇಲಿನ ಪೈಪು ಬಿಸಿಯಾಯಿತು ಅಂದರೆ ವಾಲ್ವ್ ತೆರೆಯಿತು ಅಂತ ಅರ್ಥ. ಒಳಗಿನ ಗಾಳಿ ಹೊರಬಿದ್ದು ಮಟ್ಟ ಇಳಿಯುತ್ತದೆ, ಸ್ವಲ್ಪ ಸ್ವಲ್ಪ ತುಂಬಿ ಮುಚ್ಚಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಇನ್ನೊಮ್ಮೆ ನೋಡಿ, ಕ್ಲಾಂಪುಗಳನ್ನೂ ಮತ್ತೆ ಬಿಗಿ ಮಾಡಿ.

ಒಂದು ಮಾತು ಕಂಪನಿಗಳ ಬಗ್ಗೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು; ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಸಮಿತಿಯ ಕಾಗದ ದೆಹಲಿಯಲ್ಲಿರಲಿ, ಟ್ರ್ಯಾಕ್ಟರ್ ಕೊಳ್ಳುವಾಗ ನೀವು ದುರಸ್ತಿಯ ಪುಸ್ತಕ ಕೇಳಿ, ಕನ್ನಡದಲ್ಲೇ ಕೇಳಿ. ಲಕ್ಷಗಟ್ಟಲೆ ಸಾಲಕ್ಕೆ ಕನ್ನಡದವನಿಂದ ಸಹಿ ಹಾಕಿಸಿಕೊಳ್ಳಲು ಬರುವವರಿಗೆ, ಬೋಲ್ಟು ಎಲ್ಲಿದೆ ಅಂತ ಕನ್ನಡದಲ್ಲಿ ಬರೆದುಕೊಡಲು ಏನು ಕಷ್ಟ?

ಇನ್ನು ಬಿಚ್ಚಿದ ಹಳೆಯದು. "ಅದೇನ್ ಬಿಡಿ, ಇಲ್ಲೇ ಇರ್ಲಿ" ಅನ್ನುತ್ತಾನೆ ಅಂಗಡಿಯವನು. ಯಾಕೆ ಇರಬೇಕು? ತಾಮ್ರ ಹಿತ್ತಾಳೆಯದಾದರೆ ಗುಜರಿಯಲ್ಲಿ ಅದಕ್ಕೆ ಕಬ್ಬಿಣದ ರೇಟಲ್ಲ. ನೀರು ಬಸಿದು, ಎರಡು ಕಡೆ ರೇಟು ಕೇಳಿ, ನಿಮ್ಮ ಕಣ್ಣೆದುರೇ ತೂಕ ಮಾಡಿಸಿ.